ಸಂಕದ ಬೆಂಚು

ಬೆಂಚು ಚೆನ್ನಾಗಿ ಬಂದದ್ದೇ ಗುರುವಯ್ಯನಿಗೆ ತೊಂದರೆಯಾಯಿತು.

ಎಸ್ಟೇಟಿನ ನೆರಳಿನ ಮರ ಹತ್ತಿ ಕೊಂಬೆ ಸವರಿ ಸವರಿ ಅವನ ಮಂಡಿ ಸವೆದಿತ್ತು. ಇನ್ನೊಂದು ವರ್ಷ ಏಣಿ ಹತ್ತುವುದು ಆಗದ ಮಾತು. ಕೂತು ಮಾಡುವ ಕೆಲಸ ಬೇಕಿತ್ತು. ದೇವರಮನೆ ಗುಡ್ಡದ ಹತ್ತಿರ ಹೊಸದಾಗಿ ಹೋಂಸ್ಟೇ ತೆರೆದಿದ್ದ ರೂಪಶ್ರೀ, ಹಳೇ ಮರದಲ್ಲಿ ಒಂದು ಬೆಂಚು ಮಾಡಿ ತನ್ನಿ, ಮನಸ್ಸಿಗೆ ಬಂದರೆ ಮೇಜು, ಮಂಚ, ಕಪಾಟು ಎಲ್ಲ ನಿಮಗೇ ಎಂದಿದ್ದರು.

ಹಳ್ಳಕ್ಕೆ ಸಿಮೆಂಟಿನ ಸೇತುವೆ ಬಂದ ಮೇಲೆ ಜನ ಮೊದಲು ದಾಟುತ್ತಿದ್ದ ಹಳೇ ಸಂಕದ ಹಲಗೆಗಳು ದಡದಲ್ಲಿ ಬಿದ್ದಿದ್ದವು, ಯಾರು ಬೇಕಾದರೂ ಒಯ್ಯಿರಿ ಎಂಬಂತೆ. ಗುರುವಯ್ಯ ಅವನ್ನು ತಂದು, ಹತ್ತರಿ ಹೊಡೆದು ನುಣುಪು ಮಾಡಿ, ಒಂದೂ ಮೊಳೆಯಿಲ್ಲದೆ ಕೂಡಿಸಿದ. ಎಣ್ಣೆ ಒರೆಸಿದ್ದೇ ಹಲಗೆ ನೆಂಟರ ಮನೆಗೆ ಹೊರಟವರ ಮುಖದ ಹಾಗೆ ಹೊಳೆಯಿತು.

ಪಕ್ಕದ ಮನೆಯ ಬೊಮ್ಮಯ್ಯ ಬೆಂಚಿನ ಸುತ್ತ ತಿರುಗಿ ನೋಡಿ, ಫಾರೆಸ್ಟ್ ಗೇಟಿನವರು ಇದನ್ನು ಕಾಡಿಂದ ಕದ್ದ ಬೀಟೆಮರ ಅಂತಲೇ ತಿಳಿಯುತ್ತಾರೆ ಎಂದ. ಸಂಕಕ್ಕೆಲ್ಲಿಯ ಕಾಗದಪತ್ರ?

"ಸಾಕ್ಷಿ ಬೇಕು ಮಾರಾಯ. ಪಾಪಮ್ಮನ್ನ ಕರ್ಕಂಡು ಹೋಗು. ಆ ಹಳ್ಳದ ದಡದಲ್ಲೇ ಮುದುಕಿಯಾದೋಳು."

ಪಾಪಮ್ಮ ಬಾಡಿಗೆ ಜೀಪಿನ ಮುಂದಿನ ಸೀಟು ಬೇಡವೆಂದಳು. ಹಿಂದೆ ಬೆಂಚಿನ ಮೇಲೇ ಕೂತು, ಎಲೆಕ್ಷನ್ ಗೆದ್ದವಳ ಹಾಗೆ ದಾರಿಯುದ್ದಕ್ಕೂ ಕೈ ಬೀಸಿದಳು.

ಗೇಟಿನಲ್ಲಿ ಗಾರ್ಡ್, ಮರ ಎಲ್ಲಿಯದು ಅಂದ. ಪಾಪಮ್ಮ ಶುರುಮಾಡಿದಳು. ತಾನು ತುಂಬಿದ ಬಸುರಿ, ಉಕ್ಕಿದ ಹಳ್ಳ, ಕಾಲಡಿ ನಡುಗುವ ಸಂಕ, ನಡುನೀರಲ್ಲಿ ಹೆರಿಗೆ ನೋವು. ಹಿಂದಿನ ವಾಹನಗಳು ಹಾರನ್ ಹೊಡೆದರೆ ಗಾರ್ಡೇ ಅವರನ್ನು ಗದರಿಸಿದ. ಕತೆಯಲ್ಲಿ ಅವಳು ಆಚೆ ದಡ ಮುಟ್ಟಿದ ಮೇಲೆ ಕಣ್ಣೊರೆಸಿಕೊಂಡು ಗೇಟು ಎತ್ತಿದ.

ಹೋಂಸ್ಟೇಯಲ್ಲಿ ಗುರುವಯ್ಯ ಬೆಂಚಿಳಿಸಿ, ಮೊಳೆಯಿಲ್ಲದ ಕೂಡಿಕೆ ತೋರಿಸಲು ಬಗ್ಗಿದ. ಅಷ್ಟರಲ್ಲಿ ಪಾಪಮ್ಮ ಅದರ ಮೇಲಿದ್ದಳು. ಕಾಫಿ ಲೋಟ ಹಿಡಿದ ಗೆಸ್ಟುಗಳು ಸುತ್ತ ಸೇರಿದರು. ಈ ಸಲ ಹಳ್ಳದ ನೀರು ಇನ್ನೂ ಏರಿತ್ತು. ಒಂದು ಹೆಬ್ಬಾವೂ ತೇಲಿಬಂತು.

ಕತೆ ಮುಗಿದಾಗ ರೂಪಶ್ರೀ ಗುರುವಯ್ಯನನ್ನು ಪಕ್ಕಕ್ಕೆ ಕರೆದರು.

"ಬೆಂಚು ತುಂಬಾ ಚೆನ್ನಾಗಿದೆ ಗುರುವಯ್ಯನವ್ರೇ. ಇದೊಂದೇ ಸಾಕು. ಇಂಥ ಕತೆ ಇಲ್ದೆ ಬರೀ ಹಳೇ ಮರ ಯಾರು ನೋಡ್ತಾರೆ? ಮಿಕ್ಕಿದ್ದು ಪೇಟೆಯಿಂದ ತರಿಸ್ತೀನಿ. ಅಜ್ಜಿನ ಮಾತ್ರ ದಿನಾ ಕಳಿಸಿ. ಇಲ್ಲಿ ಸುಮ್ನೆ ಕೂತಿರ್ಲಿ, ಸಂಬಳ ಕೊಡ್ತೀನಿ."

ಕೂತು ಮಾಡುವ ಕೆಲಸ. ಅದೂ ತನ್ನದೇ ಬೆಂಚಿನ ಮೇಲೆ. ಗುರುವಯ್ಯ ಜೀಪಿನ ಕಡೆ ಹೊರಟ.

ಪಾಪಮ್ಮ ಕೂಗಿದಳು. ಬೆಂಚು ಎತ್ತರವಾಯಿತಂತೆ, ಕಾಲು ತುಸು ಕೊಯ್ಯಬೇಕಂತೆ. ಅವನು ಜೀಪಿನಿಂದ ಗರಗಸ ತಂದು, ಸವೆದ ಮಂಡಿಯನ್ನೇ ನೆಲಕ್ಕೂರಿ ಕೊಯ್ಯತೊಡಗಿದ.

ಅವಳು ಪಕ್ಕದಲ್ಲಿ ನಿಂತು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಬೇಜಾರ್ ಮಾಡ್ಕಬೇಡ ಕಣೋ. ಕಾಲು ನೆಲಕ್ಕೆ ತಾಗ್ದಿದ್ರೆ ನಂಗೆ ಚಿಕ್ಕಂದಿನಿಂದ್ಲೂ ಹೆದ್ರಿಕೆ. ಅದ್ಕೇ ಆ ಸಂಕ ಒಂದಿನಾನೂ ಹತ್ಲಿಲ್ಲ ನಾನು. ಯಾವಾಗ್ಲೂ ಹಳ್ಳಕ್ಕಿಳ್ದೇ ದಾಟಿದ್ದು."