ಸೀರಮ್ಮು ಹಣ್ಣಾದ ಕತೆ

"ಕೂಸು ಕೂರೋದು ನನ್ನ ತೊಡೆ ಮ್ಯಾಲೇ! ಆವತ್ತು ನನ್ನ ಮೊಗ ಎಂಗೆ ಮಿನುಗ್ತೈತೆ ಅಂತ ಊರೇ ನಿಂತು ನೋಡಬೇಕು!"

ಕಾಮಯಗೌಂಡನ್‌ಪಟ್ಟಿಯ ತನ್ನ ಮನೆಯ ಜಗಲಿಯಲ್ಲಿ ನಿಂತು ರಂಗಸಾಮಿ ಹೀಗೆ ಘೋಷಣೆ ಹೊರಡಿಸಿದಾಗ ಕೇಳಿಸಿಕೊಂಡದ್ದು ಹೆಂಡತಿ ಸುಬ್ಬುಲಕ್ಷ್ಮಿ ಮತ್ತು ಅವಳು ಬಿಡಿಸುತ್ತಿದ್ದ ನುಗ್ಗೆಸೊಪ್ಪು. ಸೊಪ್ಪಾದರೂ ಗೌರವದಿಂದ ಸುಮ್ಮನಿತ್ತು.

"ಮಿನುಗೋದು ಆಮ್ಯಾಕೆ. ಮೊದ್ಲು ಮೊಗ ತೊಳ್ಕೊಂಡು ಬನ್ನಿ. ಮೀಸೆ ತುಂಬ ಗಂಧಕದ ಪುಡಿ ಐತೆ!" ಎಂದಳು ಸುಬ್ಬುಲಕ್ಷ್ಮಿ.

ಬಳ್ಳಿಗೆ ಬೂದಿರೋಗ ಬಾರದಿರಲೆಂದು ಗಂಧಕ ಹೊಡೆದು ಬಂದ ದ್ರಾಕ್ಷಿ ರೈತನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇದು! ಆದರೆ ರಂಗಸಾಮಿಯ ಅಂದಿನ ಸಿಟ್ಟು ಹೆಂಡತಿಯ ಮೇಲಲ್ಲ, ತಂಗಿಯ ಮೇಲೆ. ಚಿನ್ನಾಳಪಟ್ಟಿಗೆ ಮದುವೆಯಾಗಿ ಹೋದ ತಂಗಿ ತಮಿಳರಸಿ ಈಗಷ್ಟೇ ಫೋನು ಮಾಡಿದ್ದಳು. ಅವಳ ಮಗಳಿಗೆ ಕಿವಿ ಚುಚ್ಚುವ ಶುಭಕಾರ್ಯ. ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು. ಮಾವಂದಿರು ಇಬ್ಬರಿದ್ದರೆ ಹಿರಿಯನ ಮಡಿಲು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಆದರೂ ತಮಿಳರಸಿ ಚರ್ಚೆ ತೆಗೆದಿದ್ದಳು.

"ಅಣ್ಣಾ, ಕೋವಿಚ್ಕೋಬ್ಯಾಡ, ಸಿಟ್ಟಾಗಬ್ಯಾಡ. ವೀಡಿಯೋ ಬೇರೆ ಎಡುಕ್ತಾರೆ. ಜೆಯಕುಮಾರಣ್ಣನ ಮೊಗ ನಲ್ಲಾ ಪಳಪಳಾಂತ ಐತೆ, ಕೂಸು ನಗ್ತಾ ಕೂರ್ತೈತೆ. ನೀನು ಸೀರ್ ತಟ್ಟೆ ಹೊತ್ಕೊಂಡು ಮುಂದೆ ಬಾ, ಪೋದುಂ."

ಪೋದುಂ ಅಂತೆ! ಸಾಕಂತೆ! ಉಡುಗೊರೆಯ ತಟ್ಟೆ ಹೊರಲು ಹಿರಿಯ ಮಾವ, ಮಡಿಲು ಕೊಡಲು ಕಿರಿಯ ಮಾವ! ಅದೂ ಯಾವ ಜೆಯಕುಮಾರ್? ದಿಂಡಿಗಲ್ಲಿನ ಸೀರೆ ಅಂಗಡಿಯ ಏಸಿಯೊಳಗೆ ಕೂತು, ಬಿಸಿಲನ್ನು ಗಾಜಿನಾಚೆಗೆ ಮಾತ್ರ ನೋಡಿದವನು! ತಂಗಿಗೆ ಬೇಕಾಗಿರುವುದು ಮಾವನೋ, ಮಾವನ ಬಣ್ಣವೋ? ರಂಗಸಾಮಿ ಕನ್ನಡಿಯ ಮುಂದೆ ನಿಂತು ಈ ಪ್ರಶ್ನೆ ಕೇಳಿದ. ಕನ್ನಡಿ ತಂಗಿಯ ಕಡೆಯೇ ವಾಲಿದಂತಿತ್ತು.

ಚಿನ್ನಮನೂರಿಗೆ ಬಸ್ಸಿನಲ್ಲಿ ಹೋಗಿಬಂದು ಕಾಲೇಜು ಓದುತ್ತಿದ್ದ ಮಗಳು ಸತ್ಯಾ ಅಪ್ಪನ ಗೋಳು ಕೇಳಲಾರದೆ ಮೊಬೈಲು ತೆಗೆದಳು. "ಅಪ್ಪಾ, ವೈಟಮಿನ್ ಸಿ ಸೀರಮ್ ಅಂತ ಬರ್ತೈತೆ. ಬೆಳ್ಳಗೆ ಏನೂ ಮಾಡಾದಿಲ್ಲ. ಮೊಗಕ್ಕೆ ಕೊಂಜಂ ಕಳೆ ಬರ್ತೈತೆ, ಅವ್ಳೋದಾನ್, ಅಷ್ಟೇ."

"ಎಷ್ಟು ಪರ್ಸೆಂಟು?"

"ಹತ್ತು ಐತೆ, ಇಪ್ಪತ್ತು ಐತೆ. ಹೊಸಬ್ರಿಗೆ ಹತ್ತೇ ಸರಿ. ಜಾಸ್ತಿ ಆದ್ರೆ ಉರೀತೈತೆ."

"ಹತ್ತು ಹೊಡುದ್ರೆ ತೋಟದ ಹೇನೂ ಸಾಯಾಕಿಲ್ಲ! ಇಪ್ಪತ್ತು ಹಾಕು. ಉರುದ್ರೇನೇ ಮದ್ದು!"

ಸೀರಮ್ಮು ಬಂತು. ಹೆಬ್ಬೆರಳಿನಷ್ಟು ಕಂದು ಸೀಸೆ. ರಂಗಸಾಮಿ ಒಂದು ಹನಿಯನ್ನು ಅಂಗೈಗೆ ಹಾಕಿ ನೋಡಿದ. ಬಣ್ಣವಿಲ್ಲ! ಬಾವಿ ನೀರಿಗಾದರೂ ಸ್ವಲ್ಪ ಬಣ್ಣವಿರುತ್ತದೆ. ಅನುಮಾನ ಬಂದು ನಾಲಿಗೆಗೆ ಮುಟ್ಟಿಸಿದ. ಹುಳಿ! ಕಣ್ಣು ಮುಚ್ಚುವಂಥ ಹುಳಿ! ತಲೆಮಾರುಗಳ ದ್ರಾಕ್ಷಿ ಜ್ಞಾನ ಅವನೊಳಗೆ ಒಮ್ಮೆಲೇ ಎದ್ದು ಕೂತಿತು.

"ಸತ್ಯಾ! ನಿನ್ನ ಏಮಾರ್ಸಿಬುಟ್ಟವ್ರೆ! ಬಣ್ಣ ತಿರುಗಿಲ್ಲ, ಹುಳಿ ಇಳಿದಿಲ್ಲ. ಕಾಯಿನೇ ಕೊಯ್ದು ಸೀಸೆಗೆ ತುಂಬವ್ರೆ, ಕಳ್ಳ ನನ್ಮಕ್ಳು!"

"ಅಪ್ಪಾ, ಅದು ಅಂಗೇ ಇರಬೇಕು ಪಾ. ಎರಡು ಮೂರು ಹನಿ ಹಚ್ಚಿ, ಮ್ಯಾಲೆ ಸನ್‌ಸ್ಕ್ರೀನ್ ಹಚ್ಕೋ. ಬಿಸ್ಲಿಗೆ ಮಾತ್ರ ಇಡಬ್ಯಾಡ, ಕೆಟ್ಟೋಗ್ತೈತೆ."

"ಬಿಸ್ಲಿಗೆ ಕೆಡೋ ಹಣ್ಣು ಯಾವುದಮ್ಮಾ ಲೋಕದಾಗೆ? ನಿಮ್ಮ ಕಾಲೇಜಲ್ಲಿ ಇದನ್ನೇ ಹೇಳ್ಕೊಡ್ತಾರಾ?"

ಮಗಳು ತಲೆ ಚಚ್ಚಿಕೊಂಡು ಬಸ್ಸಿಗೆ ಹೋದಳು. ರಂಗಸಾಮಿ ಸೀಸೆಯನ್ನು ಜೇಬಿಗಿಳಿಸಿ ತೋಟಕ್ಕೆ ಹೋದ. ಕಂದು ಗಾಜಿನೊಳಗೆ ಬಿಸಿಲು ಇಳಿಯುವುದಾದರೂ ಹೇಗೆ? ಕಂಪನಿಯವರಿಗೆ ಅಷ್ಟೂ ತಿಳಿಯದೇ! ಸೀರಮ್ಮನ್ನು ಪನ್ನೀರಿನ ಖಾಲಿ ಬಿಳಿ ಸೀಸೆಗೆ ಸುರಿದು, ಗಾಳಿಯಾಡಲೆಂದು ಮುಚ್ಚಳ ಸಡಿಲಿಸಿ, ದ್ರಾಕ್ಷಿ ಚಪ್ಪರದ ಮೇಲೆ ಗೊಂಚಲುಗಳ ಜೊತೆಗೇ ಕಟ್ಟಿದ. ಎರಡೂ ಒಟ್ಟಿಗೆ ಹಣ್ಣಾಗಲಿ!

ಮತ್ತು ಅದು ಹಣ್ಣಾಯಿತು! ದಿನ ಕಳೆದಂತೆ ತೆಳು ಹಳದಿ, ಆಮೇಲೆ ಜೇನು, ಕೊನೆಗೆ ಚಹಾ. ರಂಗಸಾಮಿಯ ಎದೆ ಉಬ್ಬಿತು. ತಂಗಿಯ ಮನೆಗೆ ಹೊರಡುವ ಹಿಂದಿನ ಮಧ್ಯಾಹ್ನ ಸೀಸೆ ಇಳಿಸಿದ.

ಎರಡು ಮೂರು ಹನಿ ಎಂದಿದ್ದಳು ಸತ್ಯಾ. ಎರಡು ಹನಿ ಹೊಡೆದ ತೋಟದಲ್ಲಿ ಯಾವ ಎಲೆ ಉಳಿದಿದೆ? ಎಲೆ ಎಂದ ಮೇಲೆ ಮೇಲೂ ನೆನೆಯಬೇಕು, ಕೆಳಗೂ ನೆನೆಯಬೇಕು. ರಂಗಸಾಮಿ ಹಣೆ ನೆನೆಸಿದ, ಕೆನ್ನೆ ನೆನೆಸಿದ, ಕಿವಿಗಳನ್ನು ಮಡಚಿ ಎರಡೂ ಬದಿ ನೆನೆಸಿದ. ಒಣಗಿದ ಮೇಲೆ ಇನ್ನೊಂದು ಸುತ್ತು, ಆಮೇಲೆ ಮತ್ತೊಂದು. ಚುರುಗುಟ್ಟಿತು. "ಕೆಲ್ಸ ಮಾಡ್ತೈತೆ!" ಎಂದು ಸೀಸೆ ಬರಿದು ಮಾಡಿ ಹಗ್ಗದ ಮಂಚದ ಮೇಲೆ ಮಲಗಿಬಿಟ್ಟ.

ಸಂಜೆ ಕಾಫಿ ತಂದ ಸುಬ್ಬುಲಕ್ಷ್ಮಿ ಲೋಟ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. "ಇದೇನುಂಗ! ಅರಿಶಿನ ಅರಿಯೋ ಕಲ್ಲಿನ ಮ್ಯಾಲೆ ಮೊಗ ಇಟ್ಟು ಮಲಗಿದ್ರಾ?"

ಕೆನ್ನೆ ಕಿತ್ತಳೆ. ಹಣೆಯ ಸುಕ್ಕುಗಳಲ್ಲಿ ಕಂದು ಗೆರೆ. ಕಿವಿಗಳು ಕರಿದ ಅಪ್ಪಳ. ಕುತ್ತಿಗೆಯಿಂದ ಕೆಳಗೆ ಮಾತ್ರ ಹಳೆಯ ರಂಗಸಾಮಿ!

"ಕೇಸು ಹಾಕ್ತೀನಿ! ಆ ಕಂಪನಿಯೋರ್ನ ಕೋರ್ಟಿಗೆ ಎಳೀತೀನಿ!"

ಸತ್ಯಾ ಪನ್ನೀರಿನ ಸೀಸೆಯನ್ನು ಎತ್ತಿ ನೋಡಿದಳು. "ಅಪ್ಪಾ, ಬಿಸ್ಲಿಗೆ ಇಟ್ಟಿದ್ದಾ?"

"ಇಡ್ಲಿಲ್ಲ. ಹಣ್ಣು ಮಾಡ್ದೆ!"

ಸುಬ್ಬುಲಕ್ಷ್ಮಿ ಬೇರೆ ಮಾತಿಲ್ಲದೆ ಹುಣಸೆಹಣ್ಣು ಕಿವುಚಿ ತಂದು, ಹಿತ್ತಾಳೆ ದೀಪಕ್ಕೆ ಕೊಡುವ ಕೈಯನ್ನೇ ಗಂಡನ ಮುಖಕ್ಕೆ ಕೊಟ್ಟಳು. ಬಣ್ಣ ಹೋಗಲಿಲ್ಲ, ಹೊಳಪು ಬಂತು. ರಂಗಸಾಮಿಗೆ ನಿಜಕ್ಕೂ ಅಳು ಒತ್ತಿ ಬಂದಿತ್ತು. ತಮಿಳರಸಿಯ ಕಿವಿ ಚುಚ್ಚಿದ ದಿನ ಕೆಂಪು ಮಿಠಾಯಿ ಕೊಟ್ಟು ಸಮಾಧಾನ ಮಾಡಿದವನು ಅವನು. ಅವಳ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಭಾಗ್ಯಕ್ಕಾಗಿ ಇಷ್ಟೆಲ್ಲ ಮಾಡಿ, ಈಗ ತಟ್ಟೆ ಹೊರುವುದಕ್ಕೂ ಮುಖವಿಲ್ಲದಂತಾಯಿತಲ್ಲ!

ಮರುದಿನ ಚಿನ್ನಾಳಪಟ್ಟಿಯ ಹೊರಗಿನ ಗುಡಿಗೆ ಅವನು ಬಂದದ್ದು ತಲೆಯಿಂದ ಗಲ್ಲದವರೆಗೆ ಟವೆಲು ಸುತ್ತಿಕೊಂಡು. ಒಳ್ಳೆಯ ಮುಹೂರ್ತವೆಂದು ಅಲ್ಲಿ ಬೇರೆ ಮನೆಯವರೂ ಕಿವಿ ಚುಚ್ಚಿಸಲು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಜೆಯಕುಮಾರ್ ಆಗಲೇ ರೇಷ್ಮೆ ಅಂಗಿ ತೊಟ್ಟು ಮಣೆ ಹತ್ತಿದ್ದ. ವೀಡಿಯೋದವನು ಅವನ ಸುತ್ತ ಸುತ್ತುತ್ತಿದ್ದ. ರಂಗಸಾಮಿ ಟವೆಲಿನೊಳಗಿಂದಲೇ ಅವನನ್ನು ದುರುಗುಟ್ಟುತ್ತ ಸೀರ್ ತಟ್ಟೆ ಹೊತ್ತು ನಿಂತ.

ಅಕ್ಕಸಾಲಿ ಆಚಾರಿ ಚಿನ್ನದ ತಂತಿ ತೆಗೆದದ್ದೇ ತಡ, ಮಗು ಗುಡಿ ಹಾರಿಹೋಗುವಂತೆ ಚೀರಿತು. ಪಳಪಳ ಮುಖದ ಜೆಯಕುಮಾರ್ ನಕ್ಕ, ಸಿಳ್ಳೆ ಹಾಕಿದ, ಕಾರಿನ ಬೀಗದಕೈ ಆಡಿಸಿದ. ಮಗು ಅವನ ಮೂಗಿಗೇ ಒದ್ದಿತು. ಆಚಾರಿ ಕೈಚೆಲ್ಲಿ ಕೂತ. ತಮಿಳರಸಿ ಅಳತೊಡಗಿದಳು.

"ಹಿಡಿಯೋಕೆ ಬರ್ದೇ ಇದ್ರೆ ಬಿಡ್ಲಾ! ಕೊಡು ಇಲ್ಲಿ!" ರಂಗಸಾಮಿ ತಟ್ಟೆ ಕೆಳಗಿಟ್ಟು ನುಗ್ಗಿದ. ನುಗ್ಗಿದ ಭರಕ್ಕೆ ಟವೆಲು ಜಾರಿ ಬಿತ್ತು.

ಮಗು ಬಾಯಿ ತೆರೆದಂತೆಯೇ ಸುಮ್ಮನಾಯಿತು. ಕಿತ್ತಳೆ ಕೆನ್ನೆ ನೋಡಿತು, ಕಂದು ಗೆರೆ ನೋಡಿತು, ಅಪ್ಪಳದ ಕಿವಿಗೆ ಕೈ ಹಾಕಿ ಎಳೆದು ನೋಡಿತು. ರಂಗಸಾಮಿ ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಆಚಾರಿ ಎಡಗಿವಿ ಚುಚ್ಚಿದ, ಬಲಗಿವಿಯನ್ನೂ ಚುಚ್ಚಿದ. ಮಗು ಕಣ್ಣು ಮಿಟುಕಿಸಲಿಲ್ಲ.

"ನೋಡ್ದೇನಮ್ಮಾ ತಮಿಳರಸಿ!" ರಂಗಸಾಮಿಯ ಕಣ್ಣು ತುಂಬಿತ್ತು, ದನಿ ಮಾತ್ರ ಗುಡುಗುತ್ತಿತ್ತು. "ಬಣ್ಣವಾ ಮುಖ್ಯ? ಒಡಹುಟ್ಟು ಕಣಮ್ಮಾ, ಒಡಹುಟ್ಟು! ತಾಯ್‌ಮಾಮನ ತೊಡೆ ಯಾವುದು ಅಂತ ಕೂಸಿಗೇ ಗೊತ್ತೈತೆ!"

ಭಾಷಣ ಇನ್ನೂ ಉದ್ದವಾಗುತ್ತಿತ್ತು. ಅಷ್ಟರಲ್ಲಿ ಯಾರೋ ತೋಳು ತಟ್ಟಿದರು. ಪಕ್ಕದ ಸಾಲಿನ ಹೆಂಗಸು. ಅವಳ ಹಿಂದೆ ಮಣೆಯ ಮೇಲೆ ಅವಳ ಅಣ್ಣ, ಅವನ ತೊಡೆಯಲ್ಲಿ ಕಿರುಚುತ್ತಿರುವ ಇನ್ನೊಂದು ಮಗು.

"ಅಯ್ಯಾ, ನಮ್ಮ ಕೂಸ್ಗೂ ಒಂಚೂರು ಬನ್ನಿ."

"ನಾನೆಂಗೆ ಬರ್ಲಿ ತಾಯಿ? ನಾನು ನಿನ್ನ ಒಡಹುಟ್ಟಿದೋನಾ?" ಎಂದ ರಂಗಸಾಮಿ ರೋಷದಿಂದ.

"ತೊಡೆ ನಮ್ಮಣ್ಣನ್ದೇ ಐತೆ ಸಾಮೀ," ಎಂದಳು ಅವಳು. "ನೀವು ಆ ಮೊಗ ತಗೊಂಡು ಎದ್ರಿಗೆ ನಿಂತ್ಕೊಳ್ಳಿ, ಪೋದುಂ."