ಗೋಡೆಯ ಮೇಲೆ ಕೂತವನು

ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಭಾತಂಬ್ರಾದ ಕುರಿಗಾರ ಬಕ್ಕಪ್ಪ ಕ್ಯಾಮೆರಾ ಕಂಡಲ್ಲಿ ಹಿಂಡು ಬಿಟ್ಟು ಓಡುತ್ತಿದ್ದ. ಆದರೂ ಸತ್ತ.

ಇವತ್ತು ಅವನ ವರ್ಷದ ತಿಥಿ. ಆಧಾರ್ ಕಾರ್ಡಿನ ಚಿತ್ರ ದೊಡ್ಡದು ಮಾಡಿಸಿದರೆ ಕರಕಾದ ರೊಟ್ಟಿಯಂತೆ ಬಂತು. ಮಗ ಸತೀಶಕುಮಾರನ ಸಂಕಟ ಬೇರೆಯೇ ಇತ್ತು: ಒಂದೇ ವರ್ಷದಲ್ಲಿ ಅಪ್ಪನ ಮುಖ ಅವನಿಗೆ ಮರೆಯತೊಡಗಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

"ಹಾರ ತಂದೀರಿ, ಹಾಕೋದು ಯಾರ ಕೊರಳಿಗ್ರೀ?" ಪಕ್ಕದ ಮನೆಯ ಮಲ್ಲೇಶ್ವರಿ ಬೆಳಗ್ಗೆಯೇ ಬಂದು ಕೇಳಿದಳು. ಸತೀಶ ಬೀದರಿನ ಬಸ್ಸು ಹತ್ತಿದ.

ಕುರಿಗಾರನ ಚಿತ್ರ ಯಾವುದಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಅಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಜಹೀರೋದ್ದೀನ ಅಟ್ಟದಿಂದ ಒಂದನ್ನು ಇಳಿಸಿ ಧೂಳು ಜಾಡಿಸಿದ. "ಅಬ್ಬಾನ ಕಾಲದ ಕಲ್ಲಚ್ಚಿನ ಚಿತ್ರ ಅದಾರಿ. ಎಪ್ಪತ್ತು ವರ್ಷ ಆಯ್ತು, ಯಾರೂ ಒಯ್ದಿಲ್ಲ."

ಕಂಬಳಿ ಹೊದ್ದ ಮುದುಕನೊಬ್ಬ ಬಂಡೆಯ ಮೇಲೆ ಒಬ್ಬನೇ ಕೂತಿದ್ದ. ಅರ್ಧ ಮುಖ ನೆರಳಲ್ಲಿತ್ತು.

"ಯಾರಿವ್ರು?"

"ಖುದಾಗೇ ಗೊತ್ತು. ಮೂಗು ನೋಡ್ರಿ, ನಿಮ್ಮದ ಅದಾ."

ಗೋಡೆಗೆ ಹಾಕಿದ ಕೂಡಲೇ ಮಲ್ಲೇಶ್ವರಿ ಗೊಳೋ ಎಂದಳು. "ಥೇಟ್ ಬಕ್ಕಪ್ಪ ಕಾಕಾ! ಹೀಂಗ ಕೂಡ್ತಿದ್ರು!" ಓಣಿಯೆಲ್ಲ ಹೌದೆಂದಿತು. ಅವ್ವ ಜನಾಬಾಯಿ ಮಾತ್ರ ಸೆರಗಿನಿಂದ ಗಾಜು ಒರೆಸಿದಳು.

ಇನ್ನೇನು ಆರತಿ ಎನ್ನುವಾಗ ಕುರಿ ವಿಮೆ ಮಾಡಿಸುವ ಅಮೋಲ್ ಔರಾದಿನಿಂದ ಅಚ್ಚು ಹಾಕಿಸಿದ ಫೋಟೊ ಹಿಡಿದು ಓಡೋಡಿ ಬಂದ. "ವಿಮೆಕ್ಕಂತ ಟಗರಿನ ಫೋಟೊ ಹೊಡೀವಾಗ ಕಾಕಾನೂ ಬಂದಾರ ನೋಡ್ರಿ!"

ಟಗರಿನ ಕಿವಿ ಹಿಡಿದ ಬಕ್ಕಪ್ಪ ಬಾಯಿ ಅಗಲಿಸಿ ಅಮೋಲನನ್ನೇ ಬೈಯುತ್ತಿದ್ದ. ಸತೀಶನ ಕಣ್ಣು ತುಂಬಿ ಬಂತು. ಅಪ್ಪ! ಅದೇ ಹುಬ್ಬು, ಅದೇ ಮುರಿದ ಹಲ್ಲು.

ಮಲ್ಲೇಶ್ವರಿ ಇಣುಕಿದಳು. "ಇವ್ರ್ಯಾರ್ರೀ? ಕಾಕಾನಂಗ ಕಾಣಲ್ಲ ಬಿಡ್ರಿ."

ಜನಾಬಾಯಿ ಮಗನನ್ನು ಒಳಗೆ ಕರೆದೊಯ್ದಳು. "ಅವರೇ ಹೌದು. ಆ ಬಾಯಿ ನಾ ಮರೀತೇನಾ?"

"ಹಂಗಾರ ಗ್ವಾಡಿಗಿ ಇದನ್ನ ಹಾಕ್ಲೇನವ್ವಾ?"

"ಬ್ಯಾಡ ಮಗಾ. ಜನ್ಮಪೂರಾ ಅವರು ನನ್ನ ಮುಂದ ಒಂದಿನ ಬಾಯಿ ಮುಚ್ಚಿ ಕೂಡ್ಲಿಲ್ಲ. ಈ ಯಪ್ಪ ಆಗಳಿಂದ ಕೂತಾನ, ಒಂದ್ ಮಾತು ಅಂದಿಲ್ಲ. ಇವನೇ ಇರ್ಲಿ."

ಸತೀಶಕುಮಾರ ಅಪ್ಪನನ್ನು ಟ್ರಂಕಿನೊಳಗೆ ಹಳೆ ಕಂಬಳಿಯ ಕೆಳಗಿಟ್ಟು ಬೀಗ ಹಾಕಿದ. ಆಮೇಲೆ ಹೊರಗೆ ಬಂದು, ಕಣ್ಣೊರೆಸಿಕೊಂಡು, ಯಾರೆಂದು ಗೊತ್ತಿಲ್ಲದವನಿಗೆ ಆರತಿ ಎತ್ತಿದ.