ಶೇಂಗಾ ಎಣ್ಣೆಯ ಹಸಿರು ಮಂಚ

ಮಂಚಕ್ಕೆ ಬಣ್ಣ ಬಳಿಯುವುದೇನು ಮಹಾ ವಿದ್ಯೆ ಎಂದು ನಾನು ತಿಳಿದಿದ್ದೆ. ಲಕ್ಷ್ಮೇಶ್ವರದ ಬಜಾರಿನಲ್ಲಿ ಪರರ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅಂಗಿ ಹೊಲಿದು ಸಾಕಾಗಿತ್ತು. ನಮ್ಮ ಮನೆಯ ಪಡಸಾಲೆಯಲ್ಲೇ ಸ್ವಂತ ಅಂಗಡಿ ಇಡಬೇಕು. ಹೊಲಿಗೆ ಮಷೀನು ಹೇಗೋ ಸಿಕ್ಕಿತ್ತು. ಬಟ್ಟೆ ಕತ್ತರಿಸಲು ಮೇಜಿರಲಿಲ್ಲ. ಆಗ ನನ್ನ ಕಣ್ಣು, ಹೆಂಡತಿ ಗಂಗವ್ವ ಅಡರಕಟ್ಟಿಯ ತವರಿನಿಂದ ತಂದಿದ್ದ ಹಲಗೆ ಮಂಚದ ಮೇಲೆ ಬಿತ್ತು.

"ಅದು ನಮ್ಮಜ್ಜನ ಮಂಚ. ಹಾಳ ಮಾಡಿದ್ರ ನೋಡ್ರಿ ಮತ್ತ," ಎಂದಳು.

"ಹಾಳಲ್ಲ, ಉದ್ಧಾರ ಮಾಡತೇನಿ," ಎಂದೆ.

ಹಸಿರು ಬಣ್ಣದ ಪುಡಿ ತಂದೆ. ಅಗಸೆ ಎಣ್ಣೆಯಲ್ಲಿ ಕಲಸಬೇಕೆಂದು ಅಂಗಡಿಯವನು ಹೇಳಿದ್ದ. ಮನೆಯಲ್ಲಿದ್ದದ್ದು ಶೇಂಗಾ ಎಣ್ಣೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡೇ ಒಂದಾಗುತ್ತಿರುವ ಕಾಲದಲ್ಲಿ ಎಣ್ಣೆ ಎಣ್ಣೆಗಳ ನಡುವೆ ಭೇದವೆಣಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಧಾರಾಳವಾಗಿ ಸುರಿದು ಬಳಿದೆ.

ಮಂಚ ಮಿರಿಮಿರಿ ಮಿಂಚಿತು. ಮರುದಿನವೂ ಮಿಂಚಿತು. ವಾರವಾದರೂ ಮಿಂಚುತ್ತಲೇ ಇತ್ತು. ಇರುವೆಗಳು ಸಾಲುಗಟ್ಟಿ ಬಂದವು. ನೆರೆಮನೆಯ ಬೆಕ್ಕು ಮೂಸಿ ನೋಡಲು ಬಂದು ಹಸಿರು ಮೀಸೆ ಹೊತ್ತು ಹೋಯಿತು.

"ಶೇಂಗಾ ಎಣ್ಣಿ ಎಂದಾರ ಒಣಗತೈತೇನ್ರಿ?" ಎಂದಳು ಗಂಗವ್ವ.

"ಅದು ಹಸಿ ಅಲ್ಲ, ಹೊಳಪು. ನಿನಗ ತಿಳಿಯೂದಿಲ್ಲ."

ಏಕೀಕರಣದ ಸಂಭ್ರಮದ ದಿನ ಶಾಲೆಯ ಹೆಡ್ ಮಾಸ್ತರರು ಬಿಳಿ ಧೋತರ ಉಟ್ಟು ಸಭೆಗೆ ಹೊರಟವರು ನಮ್ಮ ಮನೆಗೆ ಬಂದರು. ಶಾಲೆಯ ಮಕ್ಕಳ ಅಂಗಿ ಚಡ್ಡಿ ಹೊಲಿಯುವ ಕೆಲಸ ನನಗೆ ಕೊಡಬಹುದೇ ಎಂದು ಅವರಿಗೆ ನೋಡಬೇಕಿತ್ತು. ಕೊಟ್ಟರೆ ನಾನು ಮಾಲೀಕ, ಇಲ್ಲದಿದ್ದರೆ ಮತ್ತೆ ಅದೇ ಕಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮಂಚದ ಮೇಲೆ ಕುಳಿತುಬಿಟ್ಟರು.

"ನಾಡೆಲ್ಲಾ ಒಂದಾದ ದಿನ ನೀ ಯಾಕ ದೂರ ನಿಂತಿ? ಬಾ, ಕುಂಡ್ರು," ಎಂದು ನನ್ನ ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡರು.

ಅವರು ಎದ್ದು ಹೊರಟಾಗ ನೋಡಿದೆ. ಧೋತರದ ಹಿಂಭಾಗದಲ್ಲಿ ಊಟದ ಎಲೆಯಷ್ಟು ಅಗಲದ ಹಸಿರು! ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಊರು ನಗುತ್ತದೆ, ಆಮೇಲೆ ಕೆಲಸ ಹೋಗುತ್ತದೆ. ತಡಮಾಡದೆ ಅವರ ಬೆನ್ನಿಗೆ ಅಂಟಿಕೊಂಡೆ. ಅವರು ತಿರುಗಿದತ್ತ ತಿರುಗಿದೆ, ನಿಂತಲ್ಲಿ ನಿಂತೆ.

"ಬಾಜೂಕ ಬಾರಪಾ," ಎಂದರು.

"ಬ್ಯಾಡ್ರಿ ಮಾಸ್ತರ. ದೊಡ್ಡವರ ಹಿಂದ ನಡಿಯೂದ ಚಂದ."

ಬಜಾರಿನಲ್ಲಿ ಜನ ನಮ್ಮ ಹಿಂದೆ ಸೇರತೊಡಗಿದರು. ಸಭೆ ತಲುಪುವಷ್ಟರಲ್ಲಿ ಅದೊಂದು ಮೆರವಣಿಗೆಯೇ ಆಗಿತ್ತು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾಡು ಒಂದಾದದ್ದಕ್ಕೆ ಜನರಿಗೆ ಇಷ್ಟು ಸಂತೋಷವೇ ಎಂದು ನನ್ನ ಕಣ್ಣು ತುಂಬಿ ಬಂತು. ವೇದಿಕೆಯ ಮೇಲೂ ನಾನು ಮಾಸ್ತರರ ಬೆನ್ನು ಬಿಡಲಿಲ್ಲ.

ಭಾಷಣದ ಕೊನೆಗೆ ಅವರು, "ಇಂಥಾ ವಿನಯ ಇದ್ದವಗ ನಮ್ಮ ಶಾಲಿ ಹೊಲಿಗಿ ಕೆಲಸ ಕೊಟ್ಟೇನಿ," ಎಂದು ಸಾರಿದರು. ಊರ ಮುಂದೆ ಆಡಿದ ಮಾತು, ಇನ್ನು ಹಿಂದೆಗೆಯುವಂತಿಲ್ಲ. ನಾನು ಗೆದ್ದಿದ್ದೆ.

ಸಭೆಯಲ್ಲಿ ಹಾಕಿದ ಹಾರವನ್ನು ಕೊರಳಲ್ಲಿ ಹಾಕಿಕೊಂಡೇ ಮನೆಗೆ ಬಂದೆ. "ಇಡೀ ಊರಾಗ ಒಬ್ಬರಿಗೂ ಅವರ ಧೋತರ ಕಾಣಗೊಡಲಿಲ್ಲ ನೋಡು," ಎಂದು ಗಂಗವ್ವನ ಮುಂದೆ ಕೊಚ್ಚಿಕೊಂಡೆ.

ಅವಳು ನನ್ನ ಸುತ್ತ ಒಂದು ಸುತ್ತು ಬಂದಳು.

"ಅವರ ಹಿಂದ ನೀವು ನಿಂತ್ರಿ. ಖರೆ. ನಿಮ್ಮ ಹಿಂದ ಯಾರ ನಿಂತಿದ್ರು?"

ಮೆಲ್ಲನೆ ಕೈ ಹಿಂದೆ ಒಯ್ದು ನನ್ನ ಧೋತರ ಮುಟ್ಟಿ ನೋಡಿಕೊಂಡೆ. ಇನ್ನೂ ಒಣಗಿರಲಿಲ್ಲ.